ಏಳು ಬಾಗಿಲುಗಳ ಹೋಟೆಲಿನಲ್ಲಿ

1980ರ ಬೇಸಿಗೆ, ನ್ಯೂಯಾರ್ಕಿನ 42ನೇ ಬೀದಿ. ಏಳನೇ ಮತ್ತು ಎಂಟನೇ ಅವೆನ್ಯೂಗಳ ನಡುವಿನ ಈ ತುಂಡು ರಸ್ತೆಯಲ್ಲಿ ಸಿನಿಮಾ ಮಂದಿರಗಳು ಒತ್ತೊತ್ತಾಗಿ ನಿಂತಿವೆ. ಒಂದು ಕಾಲಕ್ಕೆ ಇವುಗಳಲ್ಲಿ ಬಹುಪಾಲು ನಾಟಕಗಳ ರಂಗಮಂದಿರಗಳಾಗಿದ್ದವು. ಈಗ ಹೊತ್ತುಗೊತ್ತಿಲ್ಲದೆ ರೀಲು ಓಡುತ್ತದೆ. ಯಾರು ಯಾವಾಗ ಬೇಕಾದರೂ ಒಳಗೆ ಬರಬಹುದು, ಎಷ್ಟು ಹೊತ್ತಾದರೂ ಕೂರಬಹುದು. ಪೋಸ್ಟರಿನಲ್ಲಿ ಕೊಳೆತ ಮುಖವೊಂದು ಹಲ್ಲು ಕಿರಿದಿದೆ, ಕಣ್ಣಿನ ಗುಳಿಯಲ್ಲಿ ಹುಳುಗಳು. ನಾವು ನಿಮ್ಮನ್ನು ತಿನ್ನಲಿದ್ದೇವೆ ಎಂದು ಅದು ಸಾರುತ್ತಿದೆ. ನೋಡಲು ಬಂದವರಿಗೆ ಹಂಚಿಕೆದಾರರು ವಾಂತಿ ಚೀಲಗಳನ್ನೂ ಹಂಚುತ್ತಿದ್ದಾರೆ. ಚಿತ್ರದ ಹೆಸರು 'ಝಾಂಬಿ'. ಇಟಲಿಯಲ್ಲಿ ಹಿಂದಿನ ವರ್ಷ ಅದು 'ಝಾಂಬಿ 2' ಎಂಬ ಹೆಸರಿನಲ್ಲಿ ತೆರೆಕಂಡಿತ್ತು. ನಿರ್ದೇಶಕ ರೋಮ್ ನಗರದ ಲೂಚಿಯೊ ಫುಲ್ಚಿ.

ಒಳಗೆ ಬನ್ನಿ. ಕಾಲಿಗೆ ನೆಲ ಅಂಟುತ್ತದೆ, ಸಿಗರೇಟಿನ ಹೊಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಸುರುಳಿ ಸುತ್ತುತ್ತಿದೆ. ಮುಂದಿನ ಸಾಲಿನಲ್ಲಿ ಒಬ್ಬ ನಿದ್ದೆ ಹೋಗಿದ್ದಾನೆ, ಹಿಂದೆ ಇನ್ನೊಬ್ಬ ಪರದೆಯ ಜೊತೆ ಜೋರಾಗಿ ಮಾತಿಗಿಳಿದಿದ್ದಾನೆ. ಪರದೆಯ ಮೇಲೆ ಪಿಸ್ತೂಲು, ನೇರವಾಗಿ ನಿಮ್ಮತ್ತ. ಬಿಳಿಬಟ್ಟೆ ಸುತ್ತಿ ಹಗ್ಗ ಬಿಗಿದ ಹೆಣವೊಂದು ಮೆಲ್ಲಗೆ ಎದ್ದು ಕೂರುತ್ತದೆ. ಗುಂಡು ಹಾರುತ್ತದೆ, ಬಟ್ಟೆ ಕೆಂಪಾಗುತ್ತದೆ. ಆಮೇಲೆ ನ್ಯೂಯಾರ್ಕಿನ ಬಂದರು. ಹಾಯಿದೋಣಿಯೊಂದು ಚುಕ್ಕಾಣಿ ಹಿಡಿಯುವವರಿಲ್ಲದೆ ತೇಲಿಬರುತ್ತಿದೆ. ಕಾವಲು ಪೊಲೀಸರು ಹತ್ತಿ ನೋಡುತ್ತಾರೆ. ದೋಣಿಯೊಳಗೆ ಕೊಳೆತ ಊಟ, ನೊಣ, ಕತ್ತಲು. ಆ ಕತ್ತಲಿಂದ ಬೆಟ್ಟದಂಥ ದೇಹವೊಂದು ಹೊರಬಂದು ಒಬ್ಬನ ಕೊರಳಿಗೆ ಬಾಯಿ ಹಾಕುತ್ತದೆ. ಹಿಂದೆ ಮಾತಾಡುತ್ತಿದ್ದವನು ಈಗ ಸುಮ್ಮನಾಗಿದ್ದಾನೆ.

ಕಥೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಂದೆಯನ್ನು ಹುಡುಕಿಕೊಂಡು ಮಗಳು, ಜೊತೆಗೊಬ್ಬ ಪತ್ರಕರ್ತ, ಕೆರಿಬಿಯನ್ನಿನ ಮಾತುಲ್ ಎಂಬ ಕಾಲ್ಪನಿಕ ದ್ವೀಪ, ಅಲ್ಲಿ ಸತ್ತವರು ಏಳುತ್ತಿರುವುದಕ್ಕೆ ಕಾರಣ ಹುಡುಕಿ ಸೋತ ವೈದ್ಯ. ಆದರೆ ದ್ವೀಪ ಸೇರುವ ಮುಂಚೆ ಸಮುದ್ರದಡಿ ನಡೆಯುವುದನ್ನು ನೋಡಿ. ಈಜಲು ಇಳಿದ ಹೆಂಗಸಿನತ್ತ ಶಾರ್ಕ್ ಬರುತ್ತದೆ. ಅವಳು ಬಂಡೆಯ ಮರೆಗೆ ಸರಿಯುತ್ತಾಳೆ. ಆ ಬಂಡೆಯ ಹಿಂದಿನಿಂದ ಒಂದು ಕೈ. ನೀರಿನೊಳಗೆ ನಿಂತ ಹೆಣವದು. ಅವಳು ತಪ್ಪಿಸಿಕೊಂಡ ಮೇಲೆ ಹೆಣವೂ ಶಾರ್ಕೂ ಒಂದಕ್ಕೊಂದು ತೆಕ್ಕೆಬೀಳುತ್ತವೆ. ಹೆಣ ಮೀನಿನ ಹೊಟ್ಟೆ ಕಚ್ಚುತ್ತದೆ, ಮೀನು ಹೆಣದ ತೋಳು ಕಿತ್ತುಕೊಳ್ಳುತ್ತದೆ. ಸುತ್ತ ನೀಲಿ ಬೆಳಕು, ಮೇಲಿನಿಂದ ಬಿಸಿಲಿನ ಕೋಲುಗಳು, ಫಾಬಿಯೊ ಫ್ರಿಜ್ಜಿಯ ಸಂಗೀತ ಅವಸರವೇ ಇಲ್ಲದೆ ಹರಿಯುತ್ತಿದೆ.

ಶಾರ್ಕ್ ನಿಜವಾದದ್ದು. ಮೆಕ್ಸಿಕೋದ ಇಸ್ಲಾ ಮುಹೇರೆಸ್ ಬಳಿ ಚಿತ್ರಿಸಿದ ದೃಶ್ಯ ಇದು. ಹೆಣದ ವೇಷದಲ್ಲಿರುವುದು ರಾಮೋನ್ ಬ್ರಾವೊ. ನೀರಿನಡಿಯ ಛಾಯಾಗ್ರಹಣದಲ್ಲಿ ಹೆಸರು ಮಾಡಿದವನು, ಶಾರ್ಕುಗಳ ಸ್ವಭಾವ ಬಲ್ಲವನು. ಮುಖಕ್ಕೆ ಬಣ್ಣ ಬಳಿದುಕೊಂಡು, ಉಸಿರು ಬಿಗಿಹಿಡಿದು, ಆ ಮೀನನ್ನು ಅವನು ಬರಿಗೈಯಲ್ಲಿ ತಬ್ಬಿದ್ದಾನೆ. ಇವತ್ತು ಯಾವ ನಿರ್ಮಾಪಕನೂ ಹೀಗೆ ಮಾಡಿಸುವುದಿಲ್ಲ, ಮಾಡಿಸಲೂಬಾರದು. ಇದು ಕಥೆಗೆ ಬೇಕಿತ್ತೇ ಎಂದರೆ ಬೇಕಿರಲಿಲ್ಲ. ಆದರೂ ನಲವತ್ತು ವರ್ಷ ದಾಟಿದ ಮೇಲೆ ಜನ ಈ ಚಿತ್ರವನ್ನು ಹುಡುಕಿ ನೋಡುವಾಗ ಮೊದಲು ಕೇಳುವುದು ಇದೇ ದೃಶ್ಯವನ್ನು. ಒಬ್ಬ ಮನುಷ್ಯ, ಒಂದು ಮೀನು, ಎರಡೂ ಒಂದೇ ಚೌಕಟ್ಟಿನೊಳಗೆ ಇವೆ ಎಂಬುದು ಕಣ್ಣಿಗೆ ತಿಳಿಯುತ್ತದೆ. ಬುದ್ಧಿ ಆಮೇಲೆ ಏನು ಬೇಕಾದರೂ ಹೇಳಿಕೊಳ್ಳಲಿ.

ಮತ್ತೆ ಪರದೆಗೆ. ವೈದ್ಯನ ಹೆಂಡತಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಪಾತ್ರದಲ್ಲಿ ಓಲ್ಗಾ ಕಾರ್ಲಾಟೋಸ್. ಬಾಗಿಲನ್ನು ಒತ್ತಿ ಹಿಡಿದಿದ್ದಾಳೆ. ಬಾಗಿಲ ಪಟ್ಟಿ ಮುರಿದು ಕೈಯೊಂದು ಒಳಬಂದು ಅವಳ ಕೂದಲು ಹಿಡಿಯುತ್ತದೆ, ಎಳೆಯುತ್ತದೆ. ಮುರಿದ ಮರದ ಸಿಬಿರು ಅವಳ ಕಣ್ಣಿಗೆ ನೇರವಾಗಿ ನಿಂತಿದೆ. ಬೇರೆ ನಿರ್ದೇಶಕರು ಇಲ್ಲಿ ಕಣ್ಣು ತಪ್ಪಿಸುತ್ತಾರೆ. ಗೋಡೆಯ ಮೇಲೆ ನೆರಳು, ಒಂದು ಚೀರಾಟ, ಮುಗಿಯಿತು. ಫುಲ್ಚಿ ತಪ್ಪಿಸುವುದಿಲ್ಲ. ಸಿಬಿರು, ಕಣ್ಣು, ಸಿಬಿರು, ಕಣ್ಣು. ಪ್ರತಿ ಸಲವೂ ಅಂತರ ಒಂದಿಷ್ಟು ಕಡಿಮೆ. ನೀವು ಕುರ್ಚಿಯ ತೋಳನ್ನು ಹಿಡಿದುಕೊಂಡಿದ್ದೀರಿ. ಈಗ ಕಟ್ ಮಾಡುತ್ತಾನೆ ಎಂದುಕೊಳ್ಳುತ್ತೀರಿ. ಮಾಡುವುದಿಲ್ಲ.

ಇಲ್ಲಿ ರೀಲನ್ನು ನಿಲ್ಲಿಸಿ ಕ್ಯಾಮೆರಾದ ಈಚೆಗೆ ಬನ್ನಿ. ಆ ಕಣ್ಣು, ಆ ತಲೆ ಜಾನೆಟ್ಟೊ ದೆ ರೊಸ್ಸಿ ಎಂಬ ಕಲಾವಿದನ ಕೆಲಸ. ದ್ವೀಪದ ಹೆಣಗಳನ್ನೂ ಮಾಡಿದವನು ಅವನೇ. ದುಬಾರಿ ರಬ್ಬರ್ ಮುಖವಾಡಗಳಿಗೆ ದುಡ್ಡೂ ಇಲ್ಲ, ಸಮಯವೂ ಇಲ್ಲ. ನಟರ ಮುಖಕ್ಕೆ ಜೇಡಿಮಣ್ಣನ್ನು ಪದರ ಪದರವಾಗಿ ಮೆತ್ತಿ, ಒಣಗಿಸಿ, ಬಿರುಕು ಬಿಡಿಸಿದ್ದಾನೆ. ನಮ್ಮ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಳ್ಳುವಂಥ ತಾಳ್ಮೆಯ ಕೆಲಸವದು. ಆಟ ಶುರುವಾದ ಮೇಲೆ ರಾಕ್ಷಸ ನಿಜವೇ ಎಂದು ಅಲ್ಲೂ ಯಾರೂ ಕೇಳುವುದಿಲ್ಲ. ಹಳೆಯ ಸ್ಪೇನ್ ಸೈನಿಕರ ಗೋರಿಯಿಂದ ಏಳುವ ಆ ಪ್ರಸಿದ್ಧ ಹೆಣ ಮಣ್ಣಿನೊಳಗಿಂದ ತಲೆ ಎತ್ತಿದಾಗ ಮುಖವೂ ಮಣ್ಣೂ ಬೇರೆಯಾಗಿ ಕಾಣುವುದಿಲ್ಲ. ಸಾವೆಂದರೆ ಮಣ್ಣು ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯ ದೊಡ್ಡ ಬಜೆಟ್ಟಿನ ಚಿತ್ರಗಳಲ್ಲಿ ನನಗೆ ಸಿಕ್ಕಿಲ್ಲ. ದೆ ರೊಸ್ಸಿ ಮುಂದೆ ಡೇವಿಡ್ ಲಿಂಚ್‌ನ 'ಡ್ಯೂನ್' ಚಿತ್ರಕ್ಕೆ ಕೆಲಸ ಮಾಡಿದ.

ಈ ಕೈಗಳ ಕಥೆಗೆ ಇನ್ನೊಂದು ಹಳೆಯ ಅಧ್ಯಾಯವಿದೆ. 1971ರಲ್ಲಿ ಫುಲ್ಚಿ ತೆಗೆದ 'ಎ ಲಿಝರ್ಡ್ ಇನ್ ಎ ವುಮನ್ಸ್ ಸ್ಕಿನ್' ಚಿತ್ರದಲ್ಲಿ ಎದೆ ಸೀಳಿದ ನಾಯಿಗಳು ಇನ್ನೂ ಮಿಡಿಯುತ್ತಿರುವ ದೃಶ್ಯವಿತ್ತು. ನಿಜವಾದ ನಾಯಿಗಳನ್ನೇ ಕೊಯ್ದಿದ್ದಾರೆಂದು ಇಟಲಿಯ ನ್ಯಾಯಾಲಯದಲ್ಲಿ ಪ್ರಕರಣ ನಡೆಯಿತು. ಆಗ ಆ ಬೊಂಬೆಗಳನ್ನು ಮಾಡಿದವನೇ ಅವುಗಳನ್ನು ತಂದು ತೋರಿಸಿ ನಿರ್ದೇಶಕನನ್ನು ಉಳಿಸಿದ. ಅವನ ಹೆಸರು ಕಾರ್ಲೊ ರಂಬಾಲ್ದಿ. ಹನ್ನೊಂದು ವರ್ಷದ ನಂತರ ಸ್ಪೀಲ್‌ಬರ್ಗ್‌ಗಾಗಿ ಇ.ಟಿ. ಎಂಬ ಪುಟ್ಟ ಅನ್ಯಗ್ರಹ ಜೀವಿಯನ್ನು ಮಾಡಿ ಆಸ್ಕರ್ ಪಡೆದವನು ಅವನೇ. ಅದೇ ನಾಯಿಗಳ ಚಿತ್ರಕ್ಕೆ ಸಂಗೀತ ಎನ್ನಿಯೊ ಮೊರ್ರಿಕೊನೆಯದು. ಕೀಳು ಚಿತ್ರ, ಅಗ್ಗದ ಚಿತ್ರ ಎಂದು ಇವುಗಳನ್ನು ತಳ್ಳಿಹಾಕುವವರು ಈ ಹೆಸರುಗಳನ್ನು ಒಮ್ಮೆ ಗಮನಿಸಬೇಕು. ರೋಮ್ ನಗರದಲ್ಲಿ ಆ ದಿನಗಳಲ್ಲಿ ಮೇಲಿನ ಸಿನಿಮಾಕ್ಕೆ ಬೇರೆ ಕುಶಲಕರ್ಮಿಗಳು, ಕೆಳಗಿನ ಸಿನಿಮಾಕ್ಕೆ ಬೇರೆ ಎಂಬ ಗೋಡೆಯೇನೂ ಇರಲಿಲ್ಲ. ವಿತ್ತೊರಿಯೊ ಸ್ತೊರಾರೊ 1970ರಲ್ಲಿ ಡಾರಿಯೊ ಅರ್ಜೆಂಟೊನ ಮೊದಲ ಕೊಲೆಚಿತ್ರಕ್ಕೂ ಕ್ಯಾಮೆರಾ ಹಿಡಿದ, ಅದೇ ವರ್ಷ ಬರ್ತೊಲುಚ್ಚಿಯ 'ದಿ ಕನ್ಫಾರ್ಮಿಸ್ಟ್'ಗೂ ಹಿಡಿದ.

ಇನ್ನು ಧ್ವನಿ. ಮೊದಲ ಸಲ ನೋಡುವವರು ನಗುವುದು ಇಲ್ಲಿಯೇ. ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ಇಟಲಿಯಲ್ಲಿ ಆ ಕಾಲಕ್ಕೆ ಚಿತ್ರೀಕರಣದ ಸ್ಥಳದಲ್ಲಿ ಮಾತನ್ನು ಮುದ್ರಿಸುವ ರೂಢಿಯೇ ಇರಲಿಲ್ಲ. ಫೆಲ್ಲಿನಿಯೂ ಹಾಗೆಯೇ ತೆಗೆಯುತ್ತಿದ್ದ. ಬ್ರಿಟನ್ನಿನ ನಟ ಇಂಗ್ಲಿಷಿನಲ್ಲಿ, ರೋಮ್‌ನವನು ಇಟಾಲಿಯನ್ನಿನಲ್ಲಿ, ಎದುರುಬದುರು ನಿಂತು ತಮ್ಮ ತಮ್ಮ ಭಾಷೆಯಲ್ಲೇ ಆಡಿ ಮುಗಿಸುತ್ತಿದ್ದರು. ಮಾತು, ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟು ಎಲ್ಲವೂ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರುತ್ತಿದ್ದವು. ಹೀಗಾಗಿ ಈ ಚಿತ್ರಗಳಿಗೆ ಮೂಲ ಧ್ವನಿ ಎಂಬುದೇ ಇಲ್ಲ. ಕೋಣೆಯ ಗುಂಗಿಲ್ಲ, ಗಾಳಿಯಿಲ್ಲ. ಮನುಷ್ಯರು ಒಂದು ಬಗೆಯ ನಿರ್ವಾತದಲ್ಲಿ ಮಾತಾಡುತ್ತಾರೆ. ಸ್ವಲ್ಪ ಹೊತ್ತು ತಾಳಿಕೊಳ್ಳಿ. ಅರ್ಧ ಗಂಟೆಯಲ್ಲಿ ನಗು ನಿಲ್ಲುತ್ತದೆ. ಕನಸಿನಲ್ಲೂ ಜನ ಹೀಗೆಯೇ ಮಾತಾಡುತ್ತಾರಲ್ಲ ಎಂಬುದು ನಿಧಾನಕ್ಕೆ ಅರಿವಿಗೆ ಬರುತ್ತದೆ. ಒಂದು ಮಾತು ಮಾತ್ರ ಒಪ್ಪಬೇಕು: 'ದಿ ಹೌಸ್ ಬೈ ದ ಸೆಮೆಟ್ರಿ' ಚಿತ್ರದ ಪುಟ್ಟ ಹುಡುಗ ಬಾಬ್‌ಗೆ ಇಂಗ್ಲಿಷ್ ಅವತರಣಿಕೆಯಲ್ಲಿ ಕೊಟ್ಟ ಧ್ವನಿಯನ್ನು ನನ್ನಿಂದ ಇವತ್ತಿಗೂ ಸಹಿಸಲಾಗಿಲ್ಲ.

ಇಷ್ಟೆಲ್ಲ ಯಾಕೆ ತೆಗೆದರು ಎಂದರೆ ವ್ಯಾಪಾರಕ್ಕೆ. ಇಟಲಿಯಲ್ಲಿ ಒಂದು ಚಿತ್ರ ಗೆದ್ದರೆ ಅದೇ ಮಾದರಿಯಲ್ಲಿ ಹತ್ತಾರು ಬರುತ್ತಿದ್ದವು. ಹರ್ಕ್ಯುಲಿಸ್ ಆಯಿತು, ಕೌಬಾಯ್ ಆಯಿತು, ಕೈಗವಸು ತೊಟ್ಟ ಕೊಲೆಗಾರ ಆಯಿತು. ಜಾರ್ಜ್ ರೊಮೇರೊನ ಅಮೆರಿಕನ್ ಚಿತ್ರ 'ಡಾನ್ ಆಫ್ ದ ಡೆಡ್' 1978ರಲ್ಲಿ ಇಟಲಿಗೆ 'ಝಾಂಬಿ' ಎಂಬ ಹೆಸರಲ್ಲಿ ಬಂದು ದುಡ್ಡು ಮಾಡಿತು. ಫುಲ್ಚಿಯ ಚಿತ್ರಕ್ಕೆ ಸಂಬಂಧವೇ ಇಲ್ಲದಿದ್ದರೂ 'ಝಾಂಬಿ 2' ಎಂದು ಹೆಸರಿಟ್ಟರು. ನಿರ್ದೇಶಕರು ಅಮೆರಿಕದವರಂತೆ ಹೆಸರು ಬದಲಿಸಿಕೊಳ್ಳುತ್ತಿದ್ದರು: ಆಂತೊನಿಯೊ ಮಾರ್ಗೆರಿತಿ ಆಂಥನಿ ಡಾಸನ್ ಆದ, ಅರಿಸ್ತಿದೆ ಮಸ್ಸಚ್ಚೆಸಿ ಜೋ ದಮಾಟೊ ಆದ. 1955ರಲ್ಲಿ ಇಟಲಿಯಲ್ಲಿ 81 ಕೋಟಿಗೂ ಹೆಚ್ಚು ಸಿನಿಮಾ ಟಿಕೆಟುಗಳು ಮಾರಾಟವಾಗಿದ್ದವು. 1976ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಖಾಸಗಿ ಟಿವಿಗೆ ದಾರಿ ತೆರೆದ ಮೇಲೆ ಮನೆಯಲ್ಲೇ ರಾತ್ರಿಯಿಡೀ ಸಿನಿಮಾ ಸಿಗತೊಡಗಿತು; 80ರ ದಶಕದ ನಡುವೆ ಆ ಸಂಖ್ಯೆ 15 ಕೋಟಿಯೊಳಗೆ ಕುಸಿದಿತ್ತು. ಟಿವಿ ತೋರಿಸಲಾಗದ್ದನ್ನು ತೋರಿಸುವುದೊಂದೇ ಈ ನಿರ್ಮಾಪಕರಿಗೆ ಉಳಿದ ದಾರಿ.

ಈಗ ನಿಮ್ಮನ್ನು ನಾನು ನಿಜವಾಗಿ ಕರೆದೊಯ್ಯಬೇಕೆಂದಿದ್ದ ಜಾಗಕ್ಕೆ ಹೋಗೋಣ. ಲೂಯಿಸಿಯಾನಾ, 1927. ಪರದೆ ಹಳೆಯ ಫೋಟೋದ ಕಂದು ಬಣ್ಣದಲ್ಲಿದೆ. ಕತ್ತಲ ನೀರಿನ ಮೇಲೆ ದೋಣಿಗಳು, ಗಂಡಸರು, ಪಂಜುಗಳು. ಯಾರೂ ಮಾತಾಡುತ್ತಿಲ್ಲ. ಅವರು ಹೋಟೆಲೊಂದರ 36ನೇ ಕೋಣೆಗೆ ನುಗ್ಗುತ್ತಾರೆ. ಒಳಗೆ ಚಿತ್ರಕಾರನೊಬ್ಬ ಬೂದು ಬಣ್ಣದ ಬಯಲನ್ನು ಚಿತ್ರಿಸುತ್ತಿದ್ದಾನೆ. ಅವನನ್ನು ಸರಪಳಿಯಿಂದ ಹೊಡೆದು, ನೆಲಮಾಳಿಗೆಯ ಗೋಡೆಗೆ ಮೊಳೆ ಜಡಿದು, ಮೇಲೆ ಸುಣ್ಣ ಸುರಿಯುತ್ತಾರೆ. ನರಕಕ್ಕಿರುವ ಏಳು ಬಾಗಿಲುಗಳಲ್ಲಿ ಒಂದರ ಮೇಲೆ ಆ ಹೋಟೆಲು ನಿಂತಿದೆ. 1981ರ 'ದಿ ಬಿಯಾಂಡ್' ಶುರುವಾಗುವುದು ಹೀಗೆ. ಇಟಾಲಿಯನ್ ಹೆಸರಿನ ಕೊನೆಯ ಪದ 'ಲಾಲ್ದಿಲಾ'.

ಬಣ್ಣ ಬರುತ್ತದೆ, ಐವತ್ತನಾಲ್ಕು ವರ್ಷ ಕಳೆದಿದೆ. ಲೈಝಾ ಎಂಬಾಕೆಗೆ ಆ ಹೋಟೆಲು ಆಸ್ತಿಯಾಗಿ ಬಂದಿದೆ. ಪಾತ್ರದಲ್ಲಿ ಕ್ಯಾಟ್ರಿಯೋನಾ ಮೆಕಾಲ್. ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ನಲ್ಲಿ ರಿಪೇರಿಯವನು ಗೋಡೆ ಒಡೆಯುತ್ತಾನೆ. ಗೋಡೆಯ ಹಿಂದೆ ಒಂದು ಕೈ ಕಾಯುತ್ತಿತ್ತು. ಅಲ್ಲಿಂದ ಮುಂದೆ ಯಾಕೆ, ಹೇಗೆ ಎಂದು ಕೇಳಬೇಡಿ.

ಲೈಝಾ ಪಾಂಚರ್‌ಟ್ರೇನ್ ಸರೋವರದ ಮೇಲಿನ ಸೇತುವೆಯಲ್ಲಿ ಕಾರು ಓಡಿಸುತ್ತಿದ್ದಾಳೆ. ಸುಮಾರು 38 ಕಿಲೋಮೀಟರ್ ಉದ್ದದ ಸೇತುವೆ; ಎರಡೂ ಬದಿಗೆ ನೀರು, ಮೇಲೆ ಬಿಳಿ ಆಕಾಶ, ಕಣ್ಣಿಗೆ ದಡವಿಲ್ಲ. ನಡುರಸ್ತೆಯಲ್ಲಿ ಒಬ್ಬ ಹುಡುಗಿ ನಿಂತಿದ್ದಾಳೆ, ಪಕ್ಕದಲ್ಲಿ ನಾಯಿ. ಅವಳ ಕಣ್ಣುಗಳಲ್ಲಿ ಪಾಪೆಯಿಲ್ಲ, ಹಾಲಿನಂಥ ಬಿಳುಪು. ಎಲ್ಲಿಂದ ಬಂದಳು, ನಡೆದು ಬಂದಳೇ, ಚಿತ್ರ ಹೇಳುವುದಿಲ್ಲ. ಕಾರು ನಿಲ್ಲುತ್ತದೆ. ಸೆರ್ಜಿಯೊ ಸಾಲ್ವಾತಿಯ ಕ್ಯಾಮೆರಾ ಅವಳನ್ನು ರಸ್ತೆಯ ಗೆರೆಗಳ ನಡುವೆ ಕಡ್ಡಿಯಷ್ಟು ಸಣ್ಣದಾಗಿ ಹಿಡಿದಿದೆ. ರಕ್ತವಿಲ್ಲ, ಚೀರಾಟವಿಲ್ಲ, ಹಗಲು ಹೊತ್ತು. ಇಟಲಿಯ ಭಯದ ಸಿನಿಮಾ ಎಂದರೆ ಬರೀ ಕರುಳು, ರಕ್ತ ಎನ್ನುವವರಿಗೆ ನಾನು ತೋರಿಸುವುದು ಈ ಸೇತುವೆಯನ್ನು.

ತಪ್ಪುಗಳೂ ಕಾಣುತ್ತವೆ, ಮುಚ್ಚಿಡಬೇಕಾಗಿಲ್ಲ. ಆಸ್ಪತ್ರೆಯ ಬಾಗಿಲಿನ ಫಲಕದಲ್ಲಿ 'ಡು ನಾಟ್ ಎಂಟ್ರಿ' ಎಂದು ಬರೆದಿದೆ. ಇಂಗ್ಲಿಷ್ ಬಾರದ ಯಾರೋ ಬರೆದದ್ದು, ತಿದ್ದಲು ಯಾರಿಗೂ ಪುರುಸೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ಏಣಿಯಿಂದ ಬಿದ್ದವನ ಮುಖಕ್ಕೆ ಮುತ್ತುವ ಜೇಡಗಳಲ್ಲಿ ಕೆಲವು ಜೀವಂತ, ಕೆಲವು ಬೊಂಬೆ. ಯಾವುದು ಯಾವುದೆಂದು ಮಗುವೂ ಹೇಳುತ್ತದೆ. ಲಿಫ್ಟಿನಲ್ಲಿ ವೈದ್ಯನ ಪಾತ್ರದ ಡೇವಿಡ್ ವಾರ್ಬೆಕ್ ಪಿಸ್ತೂಲಿನ ನಳಿಗೆಯೊಳಗೇ ಗುಂಡು ತುರುಕುವಂತೆ ನಟಿಸುತ್ತಾನೆ, ಚಿತ್ರತಂಡವನ್ನು ನಗಿಸಲು. ಆ ತುಣುಕು ಹಾಗೆಯೇ ಉಳಿದುಬಿಟ್ಟಿದೆ. ಆದರೆ ಆ ಬೊಂಬೆ ಜೇಡಗಳ ಮೇಲೂ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ನಾಚಿಕೆಯಿಲ್ಲ, ಅವಸರವಿಲ್ಲ. ಮೇಣ, ಕೂದಲು, ತಂತಿ, ಬಣ್ಣದ ನೀರು, ಇಷ್ಟನ್ನೇ ನಂಬಿ ಒಬ್ಬ ಮನುಷ್ಯ ಸಾವಿನ ಮುಖ ತೋರಿಸಲು ಹೊರಟಿದ್ದಾನೆ. ಹಳೆಯದಾಗಿರುವುದೇ ಇವುಗಳ ಬಲ ಎಂದು ನಾನು ನಂಬಿದ್ದೇನೆ. ಕಂಪ್ಯೂಟರಿನಲ್ಲಿ ಮಾಡಿದ ರಕ್ತ ಹತ್ತು ವರ್ಷಕ್ಕೆ ಹಳಸಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ; ಇಲ್ಲಿ ಮೋಸ ಕಂಡಾಗ ಮೋಸದ ಹಿಂದಿರುವ ಕೈ ಕಾಣುತ್ತದೆ, ಆ ಕೈಯ ಮೇಲೆ ಪ್ರೀತಿ ಹುಟ್ಟುತ್ತದೆ.

ಕೊನೆಯ ಹತ್ತು ನಿಮಿಷ. ಹೆಣಗಳು ಬೆನ್ನಟ್ಟಿವೆ. ಲೈಝಾ ಮತ್ತು ವೈದ್ಯ ಆಸ್ಪತ್ರೆಯ ಮೆಟ್ಟಿಲಿಳಿದು ಓಡುತ್ತಾರೆ. ಮೆಟ್ಟಿಲು ಮುಗಿದಾಗ ಅವರು ನಿಂತಿರುವುದು ಹೋಟೆಲಿನ ನೆಲಮಾಳಿಗೆಯ ನೀರಿನಲ್ಲಿ. ಆಸ್ಪತ್ರೆಯೆಲ್ಲಿ, ಹೋಟೆಲೆಲ್ಲಿ. ಒಡೆದ ಗೋಡೆಯಾಚೆ ನಡೆದರೆ ಬೂದು ಬಯಲು, ಮಂಜು, ನೆಲದ ಮೇಲೆ ಚದುರಿ ಬಿದ್ದ ದೇಹಗಳು. ಚಿತ್ರಕಾರನ ಪಟದೊಳಗೆ ಅವರು ಕಾಲಿಟ್ಟಿದ್ದಾರೆ. ಯಾವ ದಿಕ್ಕಿಗೆ ತಿರುಗಿದರೂ ಅದೇ ಬಯಲು. ಫ್ರಿಜ್ಜಿಯ ಮೇಳಗಾಯನ ಏರುತ್ತಿದೆ. ಇಬ್ಬರೂ ಕೈ ಹಿಡಿದು ನಮ್ಮ ಕಡೆ ತಿರುಗುತ್ತಾರೆ. ಅವರ ಕಣ್ಣುಗಳೂ ಬೆಳ್ಳಗಾಗಿವೆ. ಯಾರೂ ಉಳಿಯುವುದಿಲ್ಲ, ಯಾವ ಮಂತ್ರವೂ ಫಲಿಸುವುದಿಲ್ಲ. ಸತ್ತ ಮೇಲೆ ಬೆಂಕಿಯಿಲ್ಲ, ಶಿಕ್ಷೆಯಿಲ್ಲ, ಬರೀ ಬೂದುಬಣ್ಣ ಎಂದು ತೋರಿಸುವ ಧೈರ್ಯ ವ್ಯಾಪಾರಿ ಸಿನಿಮಾದಲ್ಲಿ ತೀರ ಅಪರೂಪ. ಅಷ್ಟು ಹೊತ್ತು ನಕ್ಕವರೂ ಇಲ್ಲಿ ನಗುವುದಿಲ್ಲ.

ಬ್ರಿಟನ್ನಿನಲ್ಲಿ ಈ ಚಿತ್ರಗಳಿಗೆ ಭಕ್ತರನ್ನು ಕೊಟ್ಟಿದ್ದು ಪೊಲೀಸರು. 80ರ ದಶಕದ ಆರಂಭದಲ್ಲಿ ಬೀದಿಬೀದಿಯ ವಿಡಿಯೋ ಅಂಗಡಿಗಳಲ್ಲಿ ಸೆನ್ಸಾರ್ ಆಗದ ಕ್ಯಾಸೆಟ್ಟುಗಳು ಬಾಡಿಗೆಗೆ ಸಿಗುತ್ತಿದ್ದವು. ಪತ್ರಿಕೆಗಳು ಬೊಬ್ಬೆಯಿಟ್ಟವು, ಸರ್ಕಾರದ ಅಭಿಯೋಜಕರ ಪಟ್ಟಿಗೆ ಒಟ್ಟು 72 ಚಿತ್ರಗಳು ಸೇರಿದವು, 1984ರಲ್ಲಿ ಕಾಯಿದೆ ಬಂತು. ಫುಲ್ಚಿಯ ಮೂರು ಚಿತ್ರಗಳು, ಅರ್ಜೆಂಟೊನ 'ಟೆನೆಬ್ರೆ' ಮತ್ತು 'ಇನ್ಫರ್ನೊ' ಆ ಪಟ್ಟಿಯಲ್ಲಿದ್ದವು. ಆಮೇಲೆ ಹುಡುಗರು ಪ್ರತಿಯಿಂದ ಪ್ರತಿ ಮಾಡಿದ, ಬಣ್ಣ ಕದಡಿದ, ಗೆರೆ ಬಿದ್ದ ಟೇಪುಗಳನ್ನು ಅಂಚೆಯಲ್ಲಿ ತರಿಸಿ, ಪರದೆ ಎಳೆದು ನೋಡತೊಡಗಿದರು. ಚಿತ್ರವನ್ನು ನೋಡುವುದಕ್ಕಿಂತ ಮೊದಲು ವರ್ಷಗಟ್ಟಲೆ ಅದರ ಬಗ್ಗೆ ಕೇಳಿದ್ದರು. ಹೀಗೆ ಕಾದು ನೋಡಿದ್ದನ್ನು ಯಾರೂ ಮರೆಯುವುದಿಲ್ಲ.

ಆ ಪಟ್ಟಿಯಲ್ಲಿದ್ದ ಎಲ್ಲವನ್ನೂ ನಾನು ಎತ್ತಿಹಿಡಿಯಲಾರೆ. ರುಜ್ಜೆರೊ ದೆಯೊದಾತೊನ 'ಕ್ಯಾನಿಬಲ್ ಹೋಲೊಕಾಸ್ಟ್' 1980ರಲ್ಲಿ ಇಟಲಿಯಲ್ಲಿ ಜಪ್ತಿಯಾಯಿತು. ನಟರನ್ನು ನಿಜವಾಗಿ ಕೊಂದಿದ್ದಾನೆಂಬ ಅನುಮಾನ ತೊಡೆಯಲು ನಿರ್ದೇಶಕ ಅವರನ್ನು ಜೀವಂತ ತೋರಿಸಬೇಕಾಯಿತು. ಮನುಷ್ಯರ ಸಾವು ನಟನೆ. ಆದರೆ ಆಮೆಯ ಸಾವು, ಕೋತಿಯ ಸಾವು ನಿಜ. ಯಾವ ಕಲೆಯ ಹೆಸರಲ್ಲೂ ಅದಕ್ಕೆ ಕ್ಷಮೆಯಿಲ್ಲ. ಫುಲ್ಚಿಯದೇ 'ದಿ ನ್ಯೂಯಾರ್ಕ್ ರಿಪ್ಪರ್' ಹೆಂಗಸರನ್ನು ಕೊಯ್ಯುವುದನ್ನು ತೋರಿಸುವ ರೀತಿಯೂ ನನಗೆ ಅಸಹ್ಯ. ಮೇಣದ ಕಣ್ಣು ಬೇರೆ, ಜೀವದ ಮೇಲಿನ ಕ್ರೌರ್ಯ ಬೇರೆ. ಅಭಿಮಾನಿಗಳು ಈ ಗೆರೆಯನ್ನು ಸ್ಪಷ್ಟವಾಗಿ ಎಳೆದುಕೊಳ್ಳಲೇಬೇಕು.

1996ರ ಜನವರಿಯಲ್ಲಿ ಮತ್ತೊಮ್ಮೆ ನ್ಯೂಯಾರ್ಕಿಗೆ ಬನ್ನಿ. ಈ ಸಲ ಬೀದಿಗಳು ಹಿಮದಲ್ಲಿ ಹೂತಿವೆ, ನಗರವೇ ಸ್ತಬ್ಧ. ಭಯಾನಕ ಚಿತ್ರಗಳ ಅಭಿಮಾನಿಗಳ ಸಮಾವೇಶವೊಂದಕ್ಕೆ ರೋಮ್‌ನಿಂದ ಒಬ್ಬ ಮುದುಕ ಬಂದಿದ್ದಾನೆ. ಸಕ್ಕರೆ ಕಾಯಿಲೆಯಿಂದ ಬಳಲಿದ್ದಾನೆ, ಪಾದಕ್ಕೆ ಬ್ಯಾಂಡೇಜು. ವೈದ್ಯಶಾಸ್ತ್ರ ಓದಲು ಹೋಗಿ ಸಿನಿಮಾಕ್ಕೆ ಬಂದವನು, ಹಾಸ್ಯಚಿತ್ರಗಳಿಂದ ಶುರುಮಾಡಿದವನು, ಆದ್ರಿಯಾನೊ ಚೆಲೆಂತಾನೊ ಹಾಡಿ ಗೆಲ್ಲಿಸಿದ ಹಾಡಿಗೆ ಸಾಹಿತ್ಯದಲ್ಲಿ ಕೈಜೋಡಿಸಿದವನು. ತನ್ನ ದೇಶದ ವಿಮರ್ಶಕರು ಅವನನ್ನು ಹೆಚ್ಚಾಗಿ ಗಣನೆಗೇ ತೆಗೆದುಕೊಂಡಿರಲಿಲ್ಲ. ಇಲ್ಲಿ ಹಿಮ ತುಳಿದುಕೊಂಡು ಬಂದ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ, ಲೂಚಿಯೊ ಫುಲ್ಚಿಯ ಸಹಿಗಾಗಿ. ಆ ಮಾರ್ಚ್ 13ರಂದು ಅವನು ರೋಮ್‌ನಲ್ಲಿ ತೀರಿಕೊಂಡ. ಅವನು ನಿರ್ದೇಶಿಸಬೇಕಿದ್ದ 'ದಿ ವ್ಯಾಕ್ಸ್ ಮಾಸ್ಕ್' ಚಿತ್ರವನ್ನು ವೇಷತಂತ್ರಜ್ಞ ಸೆರ್ಜಿಯೊ ಸ್ತಿವಲೆತ್ತಿ ಮುಗಿಸಿ ಅವನಿಗೇ ಅರ್ಪಿಸಿದ.

ನೋಡಬೇಕೆನಿಸಿದರೆ 'ದಿ ಬಿಯಾಂಡ್'ನಿಂದ ಆರಂಭಿಸಿ, ಆಮೇಲೆ ಅರ್ಜೆಂಟೊನ 'ಸಸ್ಪೀರಿಯಾ'. ಆದರೆ 'ದಿ ಬಿಯಾಂಡ್' ಚಿತ್ರವನ್ನು 1983ರಲ್ಲಿ ಅಮೆರಿಕದಲ್ಲಿ 'ಸೆವೆನ್ ಡೋರ್ಸ್ ಆಫ್ ಡೆತ್' ಎಂಬ ಹೆಸರಲ್ಲಿ ಕತ್ತರಿಸಿ, ಸಂಗೀತ ಬದಲಿಸಿ, ನಿರ್ದೇಶಕನ ಹೆಸರನ್ನೂ ತಿರುಚಿ ಬಿಟ್ಟ ಪ್ರತಿಯನ್ನು ಮುಟ್ಟಬೇಡಿ. ಅಲ್ಲಿನ ಪ್ರೇಕ್ಷಕರು ಪೂರ್ತಿ ಚಿತ್ರವನ್ನು ಮಂದಿರದಲ್ಲಿ ನೋಡಿದ್ದು ಫುಲ್ಚಿ ತೀರಿಕೊಂಡು ಎರಡು ವರ್ಷವಾದ ಮೇಲೆ, 1998ರಲ್ಲಿ. ಕ್ವೆಂಟಿನ್ ಟ್ಯಾರಂಟಿನೊ ಮತ್ತು ಗ್ರೈಂಡ್‌ಹೌಸ್ ರಿಲೀಸಿಂಗ್ ಸೇರಿ ಅದನ್ನು ಮಧ್ಯರಾತ್ರಿಯ ಆಟಗಳಿಗೆ ತಂದರು. ನಗುವ ಗೆಳೆಯರ ಗುಂಪು ಕಟ್ಟಿಕೊಂಡು ನೋಡಬೇಡಿ. ದೀಪ ಆರಿಸಿ, ಫೋನ್ ದೂರವಿಟ್ಟು, ಕೊನೆಯ ಬಯಲಿನವರೆಗೂ ಕೂತು ನೋಡಿ.